ಅವಿಭಾಜ್ಯವಾದ ಒಂದು ಮಹಾಸಂಖ್ಯೆ

ಸಂಖ್ಯೆಗಳೊಡನೆ ನಮ್ಮ ಪರಿಚಯವು ಬಾಲ್ಯದಿಂದಲೇ ಆರಂಭವಾಗುತ್ತದೆ. ಬೆರಳು ಮಡಿಸಿ ಎಣಿಸಲು ಕಲಿತಂದಿನಿಂದ ಪರೀಕ್ಷೆಯ ಅಂಕಗಳನ್ನು ಕೂಡಿಸಿ ನೋಡುವವರೆಗೆ ಅವು ನಮ್ಮನ್ನು ಬಿಡುವುದಿಲ್ಲ. ನಾವೂ ಅವನ್ನು ಬಿಡಲಾರೆವು. ಆದರೂ ನಿತ್ಯ ಬಳಕೆಯ ವಸ್ತುವಿನ ಗುಣಗಳನ್ನು ನಿಂತು ವಿಚಾರಿಸುವವರು ವಿರಳ. ಸಂಖ್ಯೆಗಳಿಗೂ ಒಂದೊಂದು ಸ್ವಭಾವವುಂಟು. ಕೆಲವು ಸುಲಭವಾಗಿ ಒಡೆಯುತ್ತವೆ, ಕೆಲವು ಎಷ್ಟು ಪೆಟ್ಟು ಬಿದ್ದರೂ ಒಡೆಯುವುದಿಲ್ಲ. ಒಡೆಯದ ಒಂದು ದೊಡ್ಡ ಸಂಖ್ಯೆಯ ಗುಣಗಳನ್ನೂ, ಅದು ಒಡೆಯದೆಂದು ಮನುಷ್ಯನು ನಿಶ್ಚಯವಾಗಿ ತಿಳಿದುಕೊಂಡ ಬಗೆಯನ್ನೂ ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಶಾಲೆಯ ವಾರ್ಷಿಕೋತ್ಸವಕ್ಕೆ ಮೂವತ್ತು ಕುರ್ಚಿಗಳನ್ನು ಹಾಕಬೇಕಾಗಿದೆ ಎಂದುಕೊಳ್ಳೋಣ. ಐದು ಕುರ್ಚಿಗಳ ಆರು ಸಾಲುಗಳನ್ನು ಮಾಡಬಹುದು. ಹತ್ತರ ಮೂರು ಸಾಲುಗಳನ್ನಾಗಲಿ, ಹದಿನೈದರ ಎರಡು ಸಾಲುಗಳನ್ನಾಗಲಿ ಮಾಡಬಹುದು. ಆದರೆ ಇನ್ನೊಂದು ಕುರ್ಚಿ ಬಂದು ಸೇರಿ ಮೂವತ್ತೊಂದಾದರೆ ಕಷ್ಟಕ್ಕಿಟ್ಟುಕೊಳ್ಳುತ್ತದೆ. ಹೇಗೆ ಜೋಡಿಸಿದರೂ ಸಾಲುಗಳು ಸಮನಾಗುವುದಿಲ್ಲ. ಮೂವತ್ತೊಂದನ್ನೂ ಒಂದೇ ಸಾಲಿನಲ್ಲಿ ಇಡಬೇಕು, ಇಲ್ಲವೆ ಒಂದರ ಹಿಂದೆ ಒಂದರಂತೆ ಮೂವತ್ತೊಂದು ಸಾಲು ಮಾಡಬೇಕು. ಹೀಗೆ ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. ೨, ೩, ೫, ೭, ೧೧, ೧೩ ಮೊದಲಾದವು ಇಂಥವು. ಉಳಿದ ಸಂಖ್ಯೆಗಳೆಲ್ಲ ಅವಿಭಾಜ್ಯಗಳನ್ನು ಗುಣಿಸಿ ಪಡೆದವು. ಅವನ್ನು ಸಂಯುಕ್ತ ಸಂಖ್ಯೆಗಳೆನ್ನುತ್ತಾರೆ. ಗೋಡೆಗೆ ಇಟ್ಟಿಗೆ ಹೇಗೋ ಸಂಖ್ಯೆಗಳಿಗೆ ಅವಿಭಾಜ್ಯಗಳು ಹಾಗೆ. ಈ ಇಟ್ಟಿಗೆಗಳು ಎಂದಿಗೂ ಮುಗಿಯುವುದಿಲ್ಲವೆಂಬುದನ್ನು ಗ್ರೀಕ್ ಗಣಿತಜ್ಞನಾದ ಯೂಕ್ಲಿಡನು ಕ್ರಿಸ್ತನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದ್ದನು.

ಇನ್ನು ನಮ್ಮ ಕಥಾನಾಯಕನಾದ ಸಂಖ್ಯೆಯನ್ನು ಪರಿಚಯ ಮಾಡಿಕೊಳ್ಳೋಣ. ಚದುರಂಗದ ಮಣೆಯ ಮೇಲೆ ಕಾಳುಗಳನ್ನಿಟ್ಟ ಕಥೆಯನ್ನು ಬಹುಮಂದಿ ಕೇಳಿರಬಹುದು. ಮೊದಲನೆಯ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಯಾಗಿ ಇಡುತ್ತಾ ಹೋಗಬೇಕು. ಎರಡು ಮನೆಗಳ ಕಾಳುಗಳನ್ನು ಕೂಡಿಸಿದರೆ ೩. ಮೂರು ಮನೆಗಳದು ೭. ನಾಲ್ಕು ಮನೆಗಳದು ೧೫. ಐದು ಮನೆಗಳದು ೩೧. ಪ್ರತಿಸಲವೂ ಮೊತ್ತವು ಮುಂದಿನ ಮನೆಯ ಕಾಳುಗಳಿಗಿಂತ ಒಂದು ಕಡಿಮೆಯಾಗಿರುತ್ತದೆ. ಎಂದರೆ, ೨ನ್ನು ಐದು ಸಲ ತಗೆದುಕೊಂಡು ಗುಣಿಸಿದರೆ ಬರುವ ೩೨ರಲ್ಲಿ ಒಂದನ್ನು ಕಳೆದರೆ ೩೧. ಇದನ್ನು ‘೨ರ ೫ನೆಯ ಘಾತ, ಉಣೆ ೧’ ಎಂದು ಹೇಳುತ್ತೇವೆ. ಇದೇ ಕ್ರಮದಲ್ಲಿ ಮೂವತ್ತೊಂದು ಮನೆಗಳನ್ನು ತುಂಬಿದರೆ ಆಗುವ ಕಾಳುಗಳ ಮೊತ್ತವೇ ನಮ್ಮ ಸಂಖ್ಯೆ:

೨೧೪,೭೪,೮೩,೬೪೭.

ಇನ್ನೂರ ಹದಿನಾಲ್ಕು ಕೋಟಿ, ಎಪ್ಪತ್ತನಾಲ್ಕು ಲಕ್ಷ, ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಸೆಕೆಂಡಿಗೆ ಒಂದರಂತೆ ಹಗಲಿರುಳೂ ಬಿಡದೆ ಎಣಿಸುವವನಿಗೆ ಇದನ್ನು ಮುಟ್ಟಲು ಅರವತ್ತೆಂಟು ವರ್ಷಗಳು ಬೇಕು. ಈ ಸಂಖ್ಯೆ ಅವಿಭಾಜ್ಯವೆಂಬುದು ೧೭೭೨ರಿಂದ ಲೋಕಕ್ಕೆ ತಿಳಿದ ಸತ್ಯ. ಆದರೆ ಅದು ತಿಳಿದುದು ಹೇಗೆ? ಒಬ್ಬರು ಹೇಳಿದರೆಂದು ನಾವು ನಂಬಬೇಕೆ? ಇಲ್ಲಿಯ ಮುಖ್ಯ ಪ್ರಶ್ನೆ ಇದೇ.

ಮೊದಲು ಒಂದು ಸುಲಭದ ಸಂಗತಿಯನ್ನು ಗಮನಿಸೋಣ. ಇಮ್ಮಡಿಸಿ ಒಂದು ಕಳೆದು ಪಡೆದ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳಲ್ಲ. ಘಾತಸೂಚಿಯೇ ಸಂಯುಕ್ತವಾಗಿದ್ದರೆ ಸಂಖ್ಯೆಯೂ ಸಂಯುಕ್ತವಾಗುತ್ತದೆ. ಉದಾಹರಣೆಗೆ, ೬ ಎಂಬುದು ೨ ಮತ್ತು ೩ರ ಗುಣಲಬ್ಧ. ಆದುದರಿಂದ ೨ರ ೬ನೆಯ ಘಾತದಲ್ಲಿ ಒಂದು ಕಳೆದ ೬೩ನ್ನು, ೨ರ ವರ್ಗದಲ್ಲಿ ಒಂದು ಕಳೆದ ೩ ಕೂಡ ಭಾಗಿಸುತ್ತದೆ, ೨ರ ಘನದಲ್ಲಿ ಒಂದು ಕಳೆದ ೭ ಕೂಡ ಭಾಗಿಸುತ್ತದೆ. ಹಾಗಾದರೆ ಘಾತಸೂಚಿ ಅವಿಭಾಜ್ಯವಾಗಿದ್ದರೆ ಸಾಕೆ? ೨, ೩, ೫, ೭ ಎಂಬ ಘಾತಸೂಚಿಗಳು ಕ್ರಮವಾಗಿ ೩, ೭, ೩೧, ೧೨೭ ಎಂಬ ಅವಿಭಾಜ್ಯಗಳನ್ನೇ ಕೊಡುತ್ತವೆ. ಇದನ್ನು ಕಂಡು ಹಿಗ್ಗಿದವನು ಮುಂದಿನ ಹೆಜ್ಜೆಯಲ್ಲಿಯೇ ಎಡವುತ್ತಾನೆ. ೧೧ ಅವಿಭಾಜ್ಯ, ಆದರೆ ೨ರ ೧೧ನೆಯ ಘಾತದಲ್ಲಿ ಒಂದು ಕಳೆದರೆ ಬರುವ ೨೦೪೭ ಎಂಬುದು ೨೩ ಮತ್ತು ೮೯ರ ಗುಣಲಬ್ಧ. ನಾಲ್ಕು ಉದಾಹರಣೆಗಳು ಹೊಂದಿಕೊಂಡುವೆಂದು ನಿಯಮವನ್ನು ಕಟ್ಟಬಾರದೆಂಬ ಪಾಠವನ್ನು ಈ ೨೦೪೭ ನಮಗೆ ಕಲಿಸುತ್ತದೆ.

ದೊಡ್ಡ ಪಂಡಿತರು ಕೂಡ ಈ ದಾರಿಯಲ್ಲಿ ಎಡವಿದ್ದಾರೆ. ಇಟಲಿಯ ಕಟಾಲ್ಡಿ ಎಂಬ ಗಣಿತಜ್ಞನು ೧೭ ಮತ್ತು ೧೯ ಎಂಬ ಘಾತಸೂಚಿಗಳು ಕೊಡುವ ೧,೩೧,೦೭೧ ಮತ್ತು ೫,೨೪,೨೮೭ ಅವಿಭಾಜ್ಯಗಳೆಂದು ಒಂದೊಂದಾಗಿ ಭಾಗಿಸಿ ನೋಡಿ ಸರಿಯಾಗಿ ತೋರಿಸಿದನು. ೧೬೦೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ೨೩, ೨೯, ೩೧, ೩೭ ಇವೂ ಅಂಥವೇ ಎಂದು ಸೇರಿಸಿದನು. ಆದರೆ ಫ್ರಾನ್ಸಿನ ಫರ್ಮಾ ೧೬೪೦ರಲ್ಲಿ, ೨೩ನೆಯ ಘಾತದಿಂದ ಬರುವ ೮೩,೮೮,೬೦೭ನ್ನು ೪೭ ಭಾಗಿಸುತ್ತದೆಂದೂ, ೩೭ನೆಯ ಘಾತದಿಂದ ಬರುವುದನ್ನು ೨೨೩ ಭಾಗಿಸುತ್ತದೆಂದೂ ಕಂಡುಹಿಡಿದನು. ಮುಂದೆ ೨೯ ಕೂಡ ಬಿದ್ದುಹೋಯಿತು. ಅದರಿಂದ ಬರುವ ಸಂಖ್ಯೆಯನ್ನು ೨೩೩ ಭಾಗಿಸುತ್ತದೆ. ಕಟಾಲ್ಡಿಯ ನಾಲ್ಕು ಊಹೆಗಳಲ್ಲಿ ಉಳಿದುಕೊಂಡುದು ೩೧ ಒಂದೇ.

ಪ್ಯಾರಿಸ್ಸಿನಲ್ಲಿದ್ದ ಮರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯು ೧೬೪೪ರಲ್ಲಿ ಇನ್ನೂ ಧೈರ್ಯದ ಪಟ್ಟಿಯೊಂದನ್ನು ಪ್ರಕಟಿಸಿದನು. ೨೫೭ರವರೆಗಿನ ಘಾತಸೂಚಿಗಳಲ್ಲಿ ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭ ಇವು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆಂಬುದು ಅವನ ಹೇಳಿಕೆ. ಆ ಕಾಲದ ಯಾರಿಗೂ ಇದನ್ನು ಪರೀಕ್ಷಿಸುವ ಶಕ್ತಿಯಿರಲಿಲ್ಲ. ಪೂರ್ಣ ಪರಿಶೀಲನೆ ಮುಗಿದುದು ೧೯೪೭ರಲ್ಲಿ. ಪಟ್ಟಿಯಲ್ಲಿದ್ದ ೬೭ ಮತ್ತು ೨೫೭ ತಪ್ಪು. ಪಟ್ಟಿಯಲ್ಲಿ ಇರಬೇಕಾಗಿದ್ದ ೬೧, ೮೯, ೧೦೭ ಬಿಟ್ಟುಹೋಗಿದ್ದುವು. ತಪ್ಪುಗಳಿದ್ದರೂ ಈ ಜಾತಿಯ ಅವಿಭಾಜ್ಯಗಳಿಗೆ ಮರ್ಸೆನ್ ಸಂಖ್ಯೆಗಳೆಂದೇ ಹೆಸರು ನಿಂತಿತು. ಪ್ರಶ್ನೆಯನ್ನು ಚೆನ್ನಾಗಿ ಕೇಳಿದವನಿಗೂ ಗಣಿತವು ಗೌರವ ಕೊಡುತ್ತದೆ.

ಈಗ ನಮ್ಮ ಸಂಖ್ಯೆಯನ್ನು ಪರೀಕ್ಷಿಸುವ ಕೆಲಸಕ್ಕೆ ಬರೋಣ. ಅದನ್ನು ಎಲ್ಲ ಚಿಕ್ಕ ಸಂಖ್ಯೆಗಳಿಂದಲೂ ಭಾಗಿಸಿ ನೋಡುವುದು ಒಂದು ದಾರಿ. ಆದರೆ ಅದಕ್ಕೆ ಒಂದು ಜನ್ಮ ಸಾಲದು. ಸ್ವಲ್ಪ ಯೋಚಿಸಿದರೆ ಕೆಲಸವು ಬಹಳ ಕಡಿಮೆಯಾಗುತ್ತದೆ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಚಿಕ್ಕದು ಆ ಸಂಖ್ಯೆಯ ವರ್ಗಮೂಲವನ್ನು ಮೀರಲಾರದು. ನಮ್ಮ ಸಂಖ್ಯೆಯ ವರ್ಗಮೂಲ ೪೬,೩೪೦ಕ್ಕಿಂತ ತುಸು ಹೆಚ್ಚು. ಆದುದರಿಂದ ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು. ಆದರೂ ಅಂಥ ಅವಿಭಾಜ್ಯಗಳ ಸಂಖ್ಯೆ ೪,೭೯೨. ಹತ್ತಂಕಿಯ ಸಂಖ್ಯೆಯನ್ನು ಕೈಯಿಂದ ೪,೭೯೨ ಸಲ ತಪ್ಪಿಲ್ಲದೆ ಭಾಗಿಸುವುದು ಯಾರಿಗೂ ಬೇಡವಾದ ತಪಸ್ಸು.

ಇಲ್ಲಿ ನಮಗೆ ನೆರವಾಗುವುದು ಶೇಷಗಳ ಚಕ್ರ. ೨, ೪, ೮, ೧೬, ೩೨ ಮುಂತಾದ ಘಾತಗಳನ್ನು ಕ್ರಮವಾಗಿ ೨೩ರಿಂದ ಭಾಗಿಸಿ ಶೇಷಗಳನ್ನು ಮಾತ್ರ ಬರೆಯೋಣ:

೨, ೪, ೮, ೧೬, ೯, ೧೮, ೧೩, ೩, ೬, ೧೨, ೧.

ಹನ್ನೊಂದನೆಯ ಹೆಜ್ಜೆಯಲ್ಲಿ ೧ ಬಂದಿತು. ಅಲ್ಲಿಂದ ಮುಂದೆ ಮತ್ತೆ ೨, ೪, ೮ ಎಂದು ಅದೇ ಸರಣಿ ತಿರುಗುತ್ತದೆ. ವಾರದ ದಿನಗಳು ಏಳಕ್ಕೊಮ್ಮೆ ಮರಳುವಂತೆ ಇಲ್ಲಿ ಶೇಷಗಳು ಹನ್ನೊಂದಕ್ಕೊಮ್ಮೆ ಮರಳುತ್ತವೆ. ಆದುದರಿಂದ ಶೇಷವು ೧ ಆಗುವುದು ೧೧, ೨೨, ೩೩ ಎಂಬ ಹೆಜ್ಜೆಗಳಲ್ಲಿ ಮಾತ್ರ. ಈ ವಿಷಯದಲ್ಲಿ ಫರ್ಮಾ ಕಂಡುಕೊಂಡ ನಿಯಮವೊಂದಿದೆ: ‘ಕ’ ಎಂಬುದು ಬೆಸವಾದ ಅವಿಭಾಜ್ಯ ಸಂಖ್ಯೆಯಾದರೆ, ‘ಕ’ಗಿಂತ ಒಂದು ಕಡಿಮೆಯಾದ ಹೆಜ್ಜೆಯಲ್ಲಿ ಶೇಷವು ತಪ್ಪದೆ ೧ ಆಗುತ್ತದೆ. ೨೩ಕ್ಕೆ ೨೨ನೆಯ ಹೆಜ್ಜೆ; ೨೨ ಎಂದರೆ ಹನ್ನೊಂದರ ಎರಡು ಸುತ್ತು. ನಿಯಮವು ಹೊಂದಿಕೊಂಡಿತು.

ಈಗ ‘ಕ’ ಎಂಬ ಅವಿಭಾಜ್ಯವೊಂದು ನಮ್ಮ ಮಹಾಸಂಖ್ಯೆಯನ್ನು ಭಾಗಿಸುತ್ತದೆಂದು ಭಾವಿಸೋಣ. ಹಾಗಾದರೆ ೨ರ ೩೧ನೆಯ ಘಾತವನ್ನು ‘ಕ’ದಿಂದ ಭಾಗಿಸಿದಾಗ ಶೇಷ ೧ ಬರಬೇಕು. ಎಂದರೆ ೩೧ನೆಯ ಹೆಜ್ಜೆಯಲ್ಲಿ ಚಕ್ರವು ಪೂರ್ಣವಾಗಿ ತಿರುಗಿರಬೇಕು. ಚಕ್ರದ ಉದ್ದವು ೩೧ನ್ನು ಭಾಗಿಸಬೇಕು. ೩೧ ಅವಿಭಾಜ್ಯವಾದುದರಿಂದ ಆ ಉದ್ದ ೧ ಅಥವಾ ೩೧. ಉದ್ದ ೧ ಆಗಬೇಕಾದರೆ ೨ನ್ನು ಭಾಗಿಸಿದಾಗಲೇ ೧ ಉಳಿಯಬೇಕು, ಅದು ಅಸಾಧ್ಯ. ಆದುದರಿಂದ ಉದ್ದ ೩೧. ಫರ್ಮಾನ ನಿಯಮದಂತೆ ‘ಕ’ಗಿಂತ ಒಂದು ಕಡಿಮೆಯಾದ ಹೆಜ್ಜೆಯಲ್ಲಿಯೂ ೧ ಬರಲೇಬೇಕು. ಹೀಗಾಗಿ ‘ಕ’ದಲ್ಲಿ ಒಂದು ಕಳೆದರೆ ಉಳಿಯುವುದು ೩೧ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ‘ಕ’ ಬೆಸವಾದುದರಿಂದ ಒಂದು ಕಳೆದಾಗ ಸಮಸಂಖ್ಯೆ ಬರುತ್ತದೆ. ಆದಕಾರಣ ಅದು ೬೨ರಿಂದಲೇ ಭಾಗವಾಗಬೇಕು. ಒಟ್ಟಿನಲ್ಲಿ ನಮ್ಮ ಸಂಖ್ಯೆಯ ಭಾಜಕವು ೬೩, ೧೨೫, ೧೮೭, ೨೪೯ ಎಂಬ ಸರಣಿಯಲ್ಲಿ, ಎಂದರೆ ೬೨ರ ಅಂತರದಲ್ಲಿ ನಿಂತ ಸಂಖ್ಯೆಗಳಲ್ಲಿ ಮಾತ್ರ ಇರಬಲ್ಲುದು. ಉಳಿದವುಗಳನ್ನು ಮುಟ್ಟಬೇಕಾಗಿಯೇ ಇಲ್ಲ.

ಇನ್ನೊಂದು ಜರಡಿಯೂ ಉಂಟು. ೨ರ ೩೧ನೆಯ ಘಾತವು ೧ ಶೇಷವನ್ನು ಕೊಟ್ಟರೆ, ೩೨ನೆಯ ಘಾತವು ೨ ಶೇಷವನ್ನು ಕೊಡುತ್ತದೆ. ೩೨ನೆಯ ಘಾತವು ಒಂದು ವರ್ಗಸಂಖ್ಯೆ. ಬೆಸವಾದ ಅವಿಭಾಜ್ಯವೊಂದರಿಂದ ಭಾಗಿಸಿದಾಗ ಯಾವುದಾದರೂ ವರ್ಗಸಂಖ್ಯೆ ೨ನ್ನು ಶೇಷವಾಗಿ ಉಳಿಸಿದರೆ, ಆ ಅವಿಭಾಜ್ಯವು ೮ರಿಂದ ಭಾಗಿಸಿದಾಗ ೧ನ್ನು ಅಥವಾ ೭ನ್ನು ಉಳಿಸಲೇಬೇಕೆಂಬುದು ಸಂಖ್ಯಾಶಾಸ್ತ್ರದ ಒಂದು ಸಿದ್ಧಾಂತ. ಇದರ ಸಾಧನೆಯನ್ನು ನಾವು ಮೇಲಿನ ತರಗತಿಗಳಿಗೆ ಬಿಡೋಣ. ಈ ಜರಡಿಯಲ್ಲಿ ೧೨೫ ಮತ್ತು ೧೮೭ರ ಜಾತಿಯವು ಬಿದ್ದುಹೋಗುತ್ತವೆ. ಉಳಿಯುವವು ಎರಡೇ ಸಾಲುಗಳು: ೨೪೯, ೪೯೭, ೭೪೫ ಎಂದು ೨೪೮ರ ಅಂತರದಲ್ಲಿ ನಡೆಯುವುದೊಂದು, ೬೩, ೩೧೧, ೫೫೯ ಎಂದು ಅದೇ ಅಂತರದಲ್ಲಿ ನಡೆಯುವುದು ಇನ್ನೊಂದು. ೪೬,೩೪೦ರ ಒಳಗೆ ಮೊದಲ ಸಾಲಿನಲ್ಲಿ ೧೮೬, ಎರಡನೆಯದರಲ್ಲಿ ೧೮೭ ಸಂಖ್ಯೆಗಳಿವೆ. ೬೩ ಹೇಗೂ ಸಂಯುಕ್ತವಾದುದರಿಂದ ಅದನ್ನು ಬಿಟ್ಟರೆ ಒಟ್ಟು ೩೭೨. ಇವುಗಳಲ್ಲಿಯೂ ಅವಿಭಾಜ್ಯಗಳಾದವನ್ನು ಮಾತ್ರ ತೆಗೆದುಕೊಂಡರೆ ಕೆಲಸ ಇನ್ನೂ ಹಗುರ. ಮೊದಲನೆಯದು ೩೧೧. ಅದರಿಂದ ನಾವೇ ಭಾಗಿಸಿ ನೋಡಿದೆವು: ಭಾಗಲಬ್ಧ ೬೯,೦೫,೦೯೨, ಶೇಷ ೩೫. ಮುಂದಿನದು ೧೩೦೩, ಅದರಲ್ಲಿ ಶೇಷ ೨೨೬. ಹೀಗೆಯೇ ಕೊನೆಯವರೆಗೆ ಹೋದರೆ ಎಲ್ಲಿಯೂ ಶೇಷವು ಸೊನ್ನೆಯಾಗುವುದಿಲ್ಲ. ಆದುದರಿಂದ ನಮ್ಮ ಸಂಖ್ಯೆ ಅವಿಭಾಜ್ಯ.

ಈ ಮಾರ್ಗವನ್ನು ಕೊನೆಮುಟ್ಟಿಸಿದವನು ಲಿಯೊನಾರ್ಡ್ ಆಯ್ಲರ್. ೧೭೦೭ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈತನು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಪರಿಷತ್ತಿನಲ್ಲಿ ಬಹುಕಾಲ ಕೆಲಸಮಾಡಿದನು. ಬರ್ಲಿನ್ನಿನಲ್ಲಿದ್ದ ಬೆರ್ನೂಲಿಗೆ ೧೭೭೨ರಲ್ಲಿ ಬರೆದ ಪತ್ರದಲ್ಲಿ ಈ ಫಲಿತಾಂಶವನ್ನು ತಿಳಿಸಿದನು. ಆ ಹೊತ್ತಿಗೆ ಅವನಿಗೆ ಅರವತ್ತೈದು ವರ್ಷ. ಒಂದು ಕಣ್ಣು ತಾರುಣ್ಯದಲ್ಲಿಯೇ ಹೋಗಿತ್ತು, ಇನ್ನೊಂದರ ದೃಷ್ಟಿಯೂ ಬಹುಮಟ್ಟಿಗೆ ನಂದಿತ್ತು. ಕಾಗದದ ಮೇಲಿನ ಅಂಕಿಗಳನ್ನು ಕಾಣದವನು ಅಂಕಿಗಳ ಒಳಗನ್ನು ಕಂಡನು. ಕಣ್ಣಿದ್ದ ನಾವು ಒಂದು ಭಾಗಾಕಾರವನ್ನು ಎರಡು ಸಲ ತಪ್ಪಿ ಬೇಸರಪಡುವಾಗ ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ಈ ಸಂಖ್ಯೆಗೆ ಪರಿಪೂರ್ಣ ಸಂಖ್ಯೆಗಳೊಡನೆಯೂ ನೆಂಟಸ್ತಿಕೆಯಿದೆ. ೬ರ ಭಾಜಕಗಳಾದ ೧, ೨, ೩ ಇವನ್ನು ಕೂಡಿಸಿದರೆ ೬ ಬರುತ್ತದೆ. ೨೮ರ ಭಾಜಕಗಳಾದ ೧, ೨, ೪, ೭, ೧೪ ಇವನ್ನು ಕೂಡಿಸಿದರೆ ೨೮. ಹೀಗೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಯೇ ಪರಿಪೂರ್ಣ ಸಂಖ್ಯೆ. ಮರ್ಸೆನ್ ಜಾತಿಯ ಅವಿಭಾಜ್ಯವೊಂದನ್ನು, ಚದುರಂಗದ ಮಣೆಯಲ್ಲಿ ಕೊನೆಗೆ ತುಂಬಿದ ಮನೆಯ ಕಾಳುಗಳಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ದೊರೆಯುತ್ತದೆಂದು ಯೂಕ್ಲಿಡನು ತೋರಿಸಿದ್ದನು. ೩ ಮತ್ತು ೨ರಿಂದ ೬. ೭ ಮತ್ತು ೪ರಿಂದ ೨೮. ನಮ್ಮ ಮಹಾಸಂಖ್ಯೆಯಿಂದ ದೊರೆತ ಪರಿಪೂರ್ಣ ಸಂಖ್ಯೆ ೨೩೦೫೮೪೩೦೦೮೧೩೯೯೫೨೧೨೮. ಇಂಗ್ಲೆಂಡಿನ ಬಾರ್ಲೊ ಎಂಬ ಗಣಿತಜ್ಞನು ೧೮೧೧ರ ತನ್ನ ಗ್ರಂಥದಲ್ಲಿ, ಪರಿಪೂರ್ಣ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯಲಾರರೆಂದು ಅಭಿಪ್ರಾಯಪಟ್ಟನು. ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗವಿಲ್ಲದವು, ಆದುದರಿಂದ ಮುಂದೆ ಹುಡುಕುವ ಶ್ರಮವನ್ನು ಯಾರೂ ವಹಿಸರೆಂಬುದು ಅವನ ತರ್ಕ. ಈ ಮಾತಿನ ಎರಡು ಭಾಗಗಳೂ ಸುಳ್ಳಾದುವು. ಅದು ಹೇಗೆಂಬುದನ್ನು ಮುಂದೆ ನೋಡೋಣ.

೧೮೮೩ರಲ್ಲಿ ರಷ್ಯದ ಹಳ್ಳಿಗಾಡಿನ ಪಾದ್ರಿಯಾದ ಪೆರ್ವೂಶಿನ್ ಎಂಬವನು, ಮರ್ಸೆನನು ಬಿಟ್ಟಿದ್ದ ೬೧ನೆಯ ಘಾತವನ್ನು ಹಿಡಿದು, ೨೩೦೫೮೪೩೦೦೯೨೧೩೬೯೩೯೫೧ ಎಂಬ ಹತ್ತೊಂಬತ್ತು ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದನು. ಇದಕ್ಕೂ ಮೊದಲೇ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಇನ್ನೂ ದೂರ ಹೋಗಿದ್ದನು. ಭಾಜಕಗಳನ್ನು ಹುಡುಕದೆಯೇ ಸಂಖ್ಯೆಯನ್ನು ಪರೀಕ್ಷಿಸುವ ಉಪಾಯವನ್ನು ಅವನು ಕಂಡುಹಿಡಿದನು. ಅಮೆರಿಕದ ಲೇಮರ್ ಎಂಬವನು ೧೯೩೦ರ ದಶಕದಲ್ಲಿ ಅದನ್ನು ಇನ್ನೂ ಸರಳಗೊಳಿಸಿದನು. ಆ ಕ್ರಮ ಹೀಗಿದೆ. ೪ರಿಂದ ಆರಂಭಿಸಿ, ವರ್ಗಮಾಡಿ, ೨ನ್ನು ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿರಿ. ಹೀಗೆಯೇ ಮುಂದುವರಿಸಿ, ಘಾತಸೂಚಿಗಿಂತ ಎರಡು ಕಡಿಮೆ ಸಲ ಮಾಡಿರಿ. ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. ಘಾತಸೂಚಿ ೨ನ್ನು ಬಿಟ್ಟು ಉಳಿದ ಎಲ್ಲ ಅವಿಭಾಜ್ಯ ಘಾತಸೂಚಿಗಳಿಗೂ ಇದು ಸಲ್ಲುತ್ತದೆ.

೩೧ನ್ನು ತೆಗೆದುಕೊಳ್ಳೋಣ. ಅದರ ಘಾತಸೂಚಿ ೫. ಮೂರು ಸಲ ಮಾಡಿದರೆ ಸಾಕು. ೪ರ ವರ್ಗ ೧೬, ಎರಡು ಕಳೆದರೆ ೧೪. ೧೪ರ ವರ್ಗ ೧೯೬, ಎರಡು ಕಳೆದರೆ ೧೯೪. ೩೧ರಿಂದ ಭಾಗಿಸಿದರೆ ಶೇಷ ೮. ೮ರ ವರ್ಗ ೬೪, ಎರಡು ಕಳೆದರೆ ೬೨; ೩೧ರಿಂದ ಭಾಗಿಸಿದರೆ ಶೇಷ ಸೊನ್ನೆ. ೧೨೭ಕ್ಕೆ ಇದೇ ಕ್ರಮದಲ್ಲಿ ೪, ೧೪, ೬೭, ೪೨, ೧೧೧, ೦ ಎಂಬ ಸರಣಿ ಬರುತ್ತದೆ. ೨೦೪೭ಕ್ಕೆ ಒಂಬತ್ತು ಸಲ ಮಾಡಿದರೆ ಕೊನೆಗೆ ಬರುವುದು ೧೭೩೬, ಸೊನ್ನೆಯಲ್ಲ. ನಮ್ಮ ಮಹಾಸಂಖ್ಯೆಗೆ ಇಪ್ಪತ್ತೊಂಬತ್ತು ಸಲ ಮಾಡಿದರೆ ಸೊನ್ನೆ ದೊರೆಯುತ್ತದೆ. ಆಯ್ಲರನ ತೀರ್ಮಾನಕ್ಕೆ ಬೇರೊಂದು ದಾರಿಯಿಂದ ಬಂದ ಸಾಕ್ಷಿ ಇದು.

ಲ್ಯೂಕಾ ತನ್ನ ಉಪಾಯದಿಂದ ೧೮೭೬ರಲ್ಲಿ ೧೨೭ನೆಯ ಘಾತವನ್ನು ಗೆದ್ದನು. ಆ ಸಂಖ್ಯೆ ಇದು:

೧೭೦೧೪೧೧೮೩೪೬೦೪೬೯೨೩೧೭೩೧೬೮೭೩೦೩೭೧೫೮೮೪೧೦೫೭೨೭.

ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆಯೇ ಯಂತ್ರದ ಸಹಾಯವಿಲ್ಲದೆ ಮನುಷ್ಯನು ಅವಿಭಾಜ್ಯವೆಂದು ಸಾಧಿಸಿದ ಸಂಖ್ಯೆಗಳಲ್ಲಿ ಅತ್ಯಂತ ದೊಡ್ಡದು. ಅದೇ ವರ್ಷ ಅವನು ೬೭ನೆಯ ಘಾತದ ಸಂಖ್ಯೆ ಸಂಯುಕ್ತವೆಂದು ತೋರಿಸಿದನು. ಸೋಜಿಗವೇನೆಂದರೆ, ಅದು ಒಡೆಯುತ್ತದೆಂಬುದು ನಿಶ್ಚಯವಾಯಿತು. ಯಾವ ತುಂಡುಗಳಾಗಿ ಒಡೆಯುತ್ತದೆಂಬುದು ತಿಳಿಯಲಿಲ್ಲ. ಆ ತುಂಡುಗಳನ್ನು ೧೯೦೩ರಲ್ಲಿ ಅಮೆರಿಕದ ಗಣಿತ ಪರಿಷತ್ತಿನ ಸಭೆಯಲ್ಲಿ ಫ್ರಾಂಕ್ ಕೋಲ್ ಮುಂದಿಟ್ಟನು: ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭. ಅವನು ಮಾತನಾಡದೆ ಹಲಗೆಯ ಮೇಲೆ ಇವೆರಡನ್ನೂ ಗುಣಿಸಿ, ೧೪೭೫೭೩೯೫೨೫೮೯೬೭೬೪೧೨೯೨೭ ಎಂಬ ಉತ್ತರವನ್ನು ಬರೆದು ಹೋಗಿ ಕುಳಿತನೆಂದೂ, ಸಭೆಯು ಚಪ್ಪಾಳೆಯಿಂದ ತುಂಬಿತೆಂದೂ, ಇದಕ್ಕಾಗಿ ಅವನು ಮೂರು ವರ್ಷಗಳ ಭಾನುವಾರಗಳನ್ನು ವ್ಯಯಿಸಿದ್ದನೆಂದೂ ಹೇಳುತ್ತಾರೆ. ಮಾತು ಬೇಕಾಗಿರಲಿಲ್ಲ, ಗುಣಾಕಾರವೇ ಮಾತನಾಡಿತು.

ಬಾರ್ಲೊ ಹೇಳಿದ ನಿರುಪಯುಕ್ತತೆಯ ವಿಚಾರವನ್ನೂ ಪರಿಶೀಲಿಸೋಣ. ಗಣಕಯಂತ್ರವು ಸಂಖ್ಯೆಗಳನ್ನು ೦ ಮತ್ತು ೧ ಎಂಬ ಎರಡೇ ಅಂಕಿಗಳಿಂದ ಬರೆದುಕೊಳ್ಳುತ್ತದೆ. ಈ ದ್ವಿಮಾನ ಪದ್ಧತಿಯಲ್ಲಿ ನಮ್ಮ ಸಂಖ್ಯೆಯನ್ನು ಬರೆದರೆ ಮೂವತ್ತೊಂದು ಒಂದುಗಳ ಸಾಲು ಬರುತ್ತದೆ, ನಡುವೆ ಒಂದೂ ಸೊನ್ನೆಯಿಲ್ಲ. ಮೂವತ್ತೆರಡು ಸ್ಥಾನಗಳಲ್ಲಿ ಒಂದನ್ನು ಧನ, ಋಣ ಚಿಹ್ನೆಗೆ ಬಿಟ್ಟುಕೊಟ್ಟ ಯಂತ್ರವು ಹಿಡಿಯಬಲ್ಲ ಅತಿದೊಡ್ಡ ಪೂರ್ಣಸಂಖ್ಯೆ ಇದೇ. ೨೦೧೪ರ ಡಿಸೆಂಬರಿನಲ್ಲಿ ಯೂಟ್ಯೂಬಿನಲ್ಲಿದ್ದ ಕೊರಿಯದ ಒಂದು ಹಾಡಿನ ಪ್ರೇಕ್ಷಣೆಗಳು ಈ ಮಿತಿಯನ್ನು ದಾಟಿದುವು. ಎಣಿಕೆಯ ವ್ಯವಸ್ಥೆಯನ್ನು ಇನ್ನೂ ಹೆಚ್ಚು ಸ್ಥಾನಗಳಿಗೆ ವಿಸ್ತರಿಸಬೇಕಾಯಿತು. ಅನೇಕ ಗಣಕಗಳು ೧೯೭೦ರ ಜನವರಿ ೧ರಿಂದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ತಿಳಿಯುತ್ತವೆ. ಮೂವತ್ತೆರಡು ಸ್ಥಾನಗಳ ಗಡಿಯಾರವುಳ್ಳ ಯಂತ್ರಗಳಲ್ಲಿ ೨೦೩೮ರ ಜನವರಿ ೧೯ರಂದು, ಭಾರತೀಯ ಕಾಲಮಾನ ಬೆಳಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ, ಎಣಿಕೆ ನಮ್ಮ ಸಂಖ್ಯೆಯನ್ನು ಮುಟ್ಟುತ್ತದೆ, ಅಲ್ಲಿಂದ ಮುಂದೆ ಸರಿಯಾಗಿ ಸಾಗಲಾರದು.

ಇವೆಲ್ಲ ಅದರ ಗಾತ್ರದಿಂದ ಬಂದ ಕೀರ್ತಿ. ಅವಿಭಾಜ್ಯತೆಯಿಂದಲೇ ಬಂದ ಉಪಯೋಗವೂ ಇದೆ. ೧ರಿಂದ ಆರಂಭಿಸಿ, ಪ್ರತಿಸಲವೂ ೧೬,೮೦೭ರಿಂದ ಗುಣಿಸಿ ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಂಡರೆ ೧, ೧೬೮೦೭, ೨೮೨೪೭೫೨೪೯, ೧೬೨೨೬೫೦೦೭೩ ಎಂಬ ಸರಣಿ ಹುಟ್ಟುತ್ತದೆ. ೧೬,೮೦೭ ಎಂಬುದು ೭ರ ಐದನೆಯ ಘಾತ. ಈ ಸರಣಿಯು ನಮ್ಮ ಸಂಖ್ಯೆಗಿಂತ ಚಿಕ್ಕವಾದ ಎಲ್ಲ ಸಂಖ್ಯೆಗಳನ್ನೂ, ೧ರಿಂದ ಹಿಡಿದು, ಒಂದೊಂದು ಸಲ ಮುಟ್ಟಿದ ಮೇಲೆಯೇ ಮೊದಲಿಗೆ ಮರಳುತ್ತದೆ. ನೋಡುವವರಿಗೆ ಕ್ರಮವಿಲ್ಲದಂತೆ ತೋರುವ ಇಂಥ ಸರಣಿಗಳನ್ನು ಚೀಟಿ ಎತ್ತಿದಂತೆ ಆಯ್ಕೆ ಮಾಡಬೇಕಾದ ಲೆಕ್ಕಗಳಲ್ಲಿ ಗಣಕಗಳು ದಶಕಗಳ ಕಾಲ ಬಳಸಿವೆ. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು, ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ ಗುಪ್ತ ಸಂದೇಶಗಳನ್ನು ಕಾಪಾಡುವ ವಿಧಾನವನ್ನು ರೂಪಿಸಿದರು. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಕೋಲನ ಮೂರು ವರ್ಷಗಳ ಭಾನುವಾರಗಳೇ ಇದಕ್ಕೆ ಸಾಕ್ಷಿ. ಆ ಕಷ್ಟವೇ ಇಲ್ಲಿ ಬೀಗವಾಯಿತು.

ಯಂತ್ರಗಳು ಬಂದ ಮೇಲೆ ಹುಡುಕಾಟವು ಚುರುಕಾಯಿತು. ೧೯೫೨ರಲ್ಲಿ ರಾಬಿನ್ಸನ್ ಎಂಬವನು ಲ್ಯೂಕಾನ ಪರೀಕ್ಷೆಯನ್ನು ಅಮೆರಿಕದ ಒಂದು ಗಣಕಕ್ಕೆ ಕಲಿಸಿ, ಒಂದೇ ವರ್ಷದಲ್ಲಿ ಐದು ಹೊಸ ಮರ್ಸೆನ್ ಅವಿಭಾಜ್ಯಗಳನ್ನು ಪಡೆದನು. ಅವುಗಳಲ್ಲಿ ಮೊದಲನೆಯದೇ ೧೫೭ ಅಂಕಿಗಳದು. ೨೦೦೨ರಲ್ಲಿ ನಮ್ಮ ದೇಶದ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್ ಅವರು ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಎಂಬ ತಮ್ಮ ವಿದ್ಯಾರ್ಥಿಗಳೊಡನೆ, ಯಾವ ಜಾತಿಯ ಸಂಖ್ಯೆಯೇ ಆಗಲಿ ಅದು ಅವಿಭಾಜ್ಯವೇ ಅಲ್ಲವೇ ಎಂಬುದನ್ನು ನಿಶ್ಚಯವಾಗಿ ಹೇಳುವ, ಅಂಕಿಗಳು ಹೆಚ್ಚಿದರೂ ಶ್ರಮವು ಮಿತಿಮೀರಿ ಬೆಳೆಯದ ಕ್ರಮವನ್ನು ಕಂಡುಹಿಡಿದು ಲೋಕದ ಗಣಿತಜ್ಞರನ್ನು ಬೆರಗುಗೊಳಿಸಿದರು. ೨೦೨೪ರ ಅಕ್ಟೋಬರಿನಲ್ಲಿ, ೧೩,೬೨,೭೯,೮೪೧ ಎಂಬ ಘಾತಸೂಚಿಯಿಂದ ದೊರೆತ ೪,೧೦,೨೪,೩೨೦ ಅಂಕಿಗಳ ಮರ್ಸೆನ್ ಅವಿಭಾಜ್ಯವು ಪ್ರಕಟವಾಯಿತು. ಸೆಕೆಂಡಿಗೆ ಒಂದು ಅಂಕಿಯಂತೆ ಅದನ್ನು ಓದಿದರೆ ಮುಗಿಸಲು ಸುಮಾರು ೪೭೫ ದಿನಗಳು ಬೇಕು. ಈ ಜಾತಿಯಲ್ಲಿ ಅದು ತಿಳಿದುಬಂದ ಐವತ್ತೆರಡನೆಯದು. ಇಂಥವು ಎಂದಾದರೂ ಮುಗಿಯುತ್ತವೆಯೋ, ಅನಂತವಾಗಿ ಬರುತ್ತಲೇ ಇರುತ್ತವೆಯೋ ಎಂಬುದನ್ನು ಇನ್ನೂ ಯಾರೂ ಸಾಧಿಸಿಲ್ಲ.

ಇಷ್ಟು ದೊಡ್ಡ ಯಂತ್ರಗಳ ಮಾತನ್ನು ಕೇಳಿದ ಮೇಲೆ ಪೆನ್ಸಿಲು, ಕಾಗದಗಳಿಗೆ ಇನ್ನೇನು ಕೆಲಸವೆಂದು ನಾವು ಭಾವಿಸಬಾರದು. ಆಯ್ಲರನ ಜರಡಿಯನ್ನು ೨ರ ೧೩ನೆಯ ಘಾತದಿಂದ ಬರುವ ೮೧೯೧ಕ್ಕೆ ಹಿಡಿದು ನೋಡೋಣ. ವರ್ಗಮೂಲ ೯೦ಕ್ಕಿಂತ ತುಸು ಹೆಚ್ಚು. ಭಾಜಕಗಳು ೨೬ರ ಅಂತರದಲ್ಲಿರಬೇಕು: ೨೭, ೫೩, ೭೯. ೨೭ ಅವಿಭಾಜ್ಯವಲ್ಲ, ೫೩ನ್ನು ೮ರಿಂದ ಭಾಗಿಸಿದರೆ ೫ ಉಳಿಯುವುದರಿಂದ ಅದೂ ಸಲ್ಲದು. ಉಳಿದುದು ೭೯ ಒಂದೇ. ಅದರಿಂದ ಭಾಗಿಸಿದರೆ ಶೇಷ ೫೪. ಒಂದೇ ಒಂದು ಭಾಗಾಕಾರದಿಂದ ೮೧೯೧ ಅವಿಭಾಜ್ಯವೆಂಬುದು ಸಿದ್ಧವಾಯಿತು! ಕಟಾಲ್ಡಿಯು ಬಹಳ ಬೆವರು ಸುರಿಸಿದ ೧,೩೧,೦೭೧ಕ್ಕೆ, ಎಂದರೆ ೧೭ನೆಯ ಘಾತದ ಸಂಖ್ಯೆಗೆ, ಇದೇ ರೀತಿಯಲ್ಲಿ ಮೂರೇ ಭಾಗಾಕಾರಗಳು ಸಾಕು. ಆ ಮೂರು ಭಾಜಕಗಳು ಯಾವುವೆ೦ಬುದನ್ನು ಓದುಗ ಮಿತ್ರರೇ ಕಂಡುಕೊಳ್ಳಲೆಂದು ಬಿಟ್ಟಿದ್ದೇವೆ. ಕಟಾಲ್ಡಿ ಹೇಳಿದನೆಂದಾಗಲಿ, ನಾವು ಬರೆದೆವೆಂದಾಗಲಿ ನಂಬಬೇಕಾದುದಿಲ್ಲ. ಭಾಗಿಸಿ ನೋಡಿ ಒಪ್ಪಿದರೆ ಸಾಕು.